ಬೇನೆಯ ಹೆಸರೂ ಅಂಕೆಯೂ

ಬ್ಯಾಡಗಿಯ ಸಮೀಪದ ಹಳ್ಳಿಯೊಂದರಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ದಿನ ಒಂದು ಕಾಗದವನ್ನು ಹಿಡಿದುಕೊಂಡು ನನ್ನ ಮನೆಗೆ ಬಂದನು. ಅವನ ತಂದೆಯವರು ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗಿದ್ದಾಗ ಹಾವು ಕಡಿದು, ಆಸ್ಪತ್ರೆ ಸೇರಿದ ಒಂದು ತಾಸಿನೊಳಗೆ ತೀರಿಕೊಂಡಿದ್ದರು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಮರಣದ ಕಾರಣವೆಂದು ಇಂಗ್ಲಿಷಿನಲ್ಲಿ ಬರೆದುದು ಎರಡೇ ಮಾತು. ಕನ್ನಡದಲ್ಲಿ ಹೇಳುವುದಾದರೆ ‘ಹೃದಯ ನಿಂತಿತು’ ಎಂದಷ್ಟೆ. ಅಪಘಾತ ವಿಮೆಯ ಹಣವನ್ನು ಕೇಳಿದಾಗ, ಹೃದಯ ನಿಲ್ಲುವುದು ಅಪಘಾತವಲ್ಲವೆಂದು ಉತ್ತರ ಬಂದಿದ್ದಿತು. “ನಮ್ಮಪ್ಪಗ ಹಾವು ಕಡದದ್ದು ಊರಿಗೆಲ್ಲಾ ಗೊತ್ತೈತ್ರಿ ಸರ್, ಈ ಕಾಗದಕ್ಕಷ್ಟ ಗೊತ್ತಿಲ್ಲ ನೋಡ್ರಿ” ಎಂದನವನು.

ಕನ್ನಡ ಪಂಡಿತನಾದ ನಾನು ಅವನಿಗೆ ಏನು ನೆರವಾದೇನು? ಆದರೂ ಕಾಗದವನ್ನು ಇರಿಸಿಕೊಂಡೆನು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮನುಷ್ಯನು ಯಾವುದರಿಂದ ಸತ್ತನೆಂಬುದಕ್ಕೆ ಹೆಸರಿಡುವ ಅಧಿಕಾರ ಯಾರದು? ಆ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಪೋಣಿಸಿ ಅಂಕೆ ಹಾಕಿದವರು ಯಾರು? ಆ ಅಂಕೆಗಳು ಮತ್ತೆ ಮತ್ತೆ ಬದಲಾಗುವುದೇತಕ್ಕೆ? ವಾಚಕರೇ, ಇದು ವೈದ್ಯರ ವಿಷಯವೆಂದು ಪುಟ ಮಗುಚಬೇಡಿ. ಇದರಲ್ಲಿ ವೈದ್ಯಕ್ಕಿಂತ ಇತಿಹಾಸವೇ ಹೆಚ್ಚಾಗಿದೆ. ಇತಿಹಾಸಕ್ಕಿಂತಲೂ ಶಬ್ದಾರ್ಥದ ತೊಡಕು ಹೆಚ್ಚಾಗಿದೆ.

ನಮ್ಮ ಭಾಗದಿಂದಲೇ ಆರಂಭಿಸೋಣ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರೂ 1997ರ ಆಗಸ್ಟಿನವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಆ ಧಾರವಾಡ ಜಿಲ್ಲೆಯಾದರೋ 1956ರ ನವೆಂಬರ್ 1ರ ವರೆಗೆ ಮುಂಬಯಿಯ ಆಳಿಕೆಯಲ್ಲಿತ್ತು. 1857ರ ದಂಗೆಯ ಬಳಿಕ ಇಂಗ್ಲಿಷ್ ಸರಕಾರಕ್ಕೆ ಒಂದು ಸಂಗತಿ ಹೊಳೆಯಿತು: ಹಿಂದುಸ್ತಾನದಲ್ಲಿ ತನ್ನ ಸಿಪಾಯಿಗಳು ಕಾಳಗದಲ್ಲಿ ಸಾಯುವುದಕ್ಕಿಂತ ಕಾಲರಾ, ಆಮಶಂಕೆ, ಜ್ವರಗಳಿಂದ ಸಾಯುವುದೇ ಹೆಚ್ಚು. 1859ರಲ್ಲಿ ಇದನ್ನು ವಿಚಾರಿಸಲು ರಾಜಮನೆತನದ ಹೆಸರಿನಲ್ಲಿ ಒಂದು ಆಯೋಗ ನೇಮಕವಾಯಿತು. ಅದರ 1863ರ ವರದಿಯ ಹಿಂದೆ ನಿಂತು ಅಂಕಿಗಳನ್ನು ಜೋಡಿಸಿದವಳು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ದಾದಿಯೆಂದು ನಮ್ಮ ಮಕ್ಕಳ ಪುಸ್ತಕಗಳು ಕೊಂಡಾಡುವ ಈ ಮಹಿಳೆ ಅಂಕಿಸಂಖ್ಯೆಯಲ್ಲಿ ಎಷ್ಟು ಪರಿಣತಳಾಗಿದ್ದಳೆಂಬುದನ್ನು ಆ ಪುಸ್ತಕಗಳು ಹೇಳುವುದಿಲ್ಲ. 1864ರಲ್ಲಿ ಬಂಗಾಲ, ಮದರಾಸು, ಮುಂಬಯಿ ಪ್ರಾಂತಗಳಿಗೆ ಆರೋಗ್ಯ ಆಯೋಗಗಳು ಬಂದವು. ಸಿಪಾಯಿಯ ಆರೋಗ್ಯವು ಅವನ ಸುತ್ತಣ ಜನರ ಆರೋಗ್ಯವನ್ನು ಅವಲಂಬಿಸಿರುವುದರಿಂದ, ನಿಧಾನವಾಗಿ ಊರೂರಿನ ಸಾವುಗಳ ಲೆಕ್ಕ ಹಿಡಿಯುವ ಪದ್ಧತಿ ಬೆಳೆಯಿತು.

ಆ ಲೆಕ್ಕದ ರೀತಿಯನ್ನು ನೋಡಿ. ಉದ್ದನೆಯ ತಖ್ತೆ, ಅದರಲ್ಲಿ ಮರಣದ ಕಾರಣಕ್ಕೆ ಕೆಲವೇ ರಕಾನೆಗಳು. ಕಾಲರಾ ಒಂದು, ಸಿಡುಬು ಒಂದು, ಜ್ವರ ಒಂದು, ಹೊಟ್ಟೆಯ ಬೇನೆಗಳು ಒಂದು, ಗಾಯ ಅಪಘಾತಗಳು ಒಂದು, ಉಳಿದವೆಲ್ಲ ಕೊನೆಯದು. ಊರಿನಲ್ಲಿ ಇದನ್ನು ತುಂಬುವವರು ಗೌಡ, ಕುಲಕರ್ಣಿಯಂಥ ಊರ ಅಧಿಕಾರಿಗಳು. ಇವರಾರೂ ನಾಡಿ ಹಿಡಿದವರಲ್ಲ. ಮನೆಯವರನ್ನು ಕೇಳುವರು, ಮನೆಯವರು ‘ಮೈ ಸುಡುತಿತ್ತು’ ಎನ್ನುವರು, ಜ್ವರದ ರಕಾನೆಯಲ್ಲಿ ಒಂದು ಗೆರೆ ಬೀಳುವುದು. ಸಾಯುವ ಮನುಷ್ಯನಿಗೆ ಮೈ ಸುಡದೆ ಇರುವುದುಂಟೆ? ಮಲೇರಿಯದವನೂ, ವಿಷಮಶೀತದವನೂ, ಪುಪ್ಪುಸದ ಉರಿಯೂತದವನೂ, ಹೆತ್ತ ಎಂಟನೆಯ ದಿನ ನಂಜೇರಿದ ಬಾಣಂತಿಯೂ ಆ ಒಂದೇ ರಕಾನೆಯಲ್ಲಿ ಮಲಗಿದರು. ಆ ಕಾಲದ ವಾರ್ಷಿಕ ವರದಿಗಳಲ್ಲಿ ಜ್ವರದ ಮೊತ್ತವೇ ಉಳಿದೆಲ್ಲ ಬೇನೆಗಳನ್ನು ನುಂಗಿ ಕುಳಿತಿರುತ್ತದೆ. ಬರೆದ ಅಧಿಕಾರಿಗಳೇ ಆ ಅಂಕಿಯನ್ನು ನಂಬಲಾಗದೆಂದು ಒಪ್ಪಿಕೊಂಡಿದ್ದಾರೆ.

ಇಲ್ಲಿ ಪಂಡಿತನ ಒಂದು ಮಾತಿಗೆ ಅವಕಾಶ ಕೊಡಿ. ಚರಕಸಂಹಿತೆಯು ಜ್ವರವನ್ನು ಎಂಟು ಬಗೆಯೆಂದು ಎಣಿಸುತ್ತದೆ: ವಾತ, ಪಿತ್ತ, ಕಫಗಳಿಂದ ಬೇರೆ ಬೇರೆಯಾಗಿ ಮೂರು, ಎರಡೆರಡು ಕೂಡಿ ಮೂರು, ಮೂರೂ ಕೂಡಿದ ಸನ್ನಿಪಾತ ಒಂದು, ಹೊರಗಿನಿಂದ ಬಂದುದು ಒಂದು. ಎಂಟು ಬಗೆಯ ಜ್ವರವನ್ನು ಬಲ್ಲ ನಾಡಿನಲ್ಲಿ ಸರಕಾರಿ ತಖ್ತೆಗೆ ಒಂದೇ ಜ್ವರ ಸಾಕಾಯಿತು. ಆದರೆ ಚರಕನ ಎಂಟನ್ನು ಹಿಡಿದು ಊರೂರಿನ ಸಾವನ್ನು ಎಣಿಸಲು ಬರುತ್ತಿತ್ತೇ ಎಂದು ಕೇಳಿದರೆ, ಬರುತ್ತಿರಲಿಲ್ಲ. ವೈದ್ಯನು ವಿಂಗಡಿಸುವುದು ಔಷಧಕ್ಕಾಗಿ, ಲೆಕ್ಕಿಗನು ವಿಂಗಡಿಸುವುದು ಎಣಿಕೆಗಾಗಿ. ಈ ಎರಡು ಕೆಲಸಗಳ ನಡುವಣ ಜಗಳವೇ ನಾನು ಹೇಳಹೊರಟಿರುವ ಕಥೆಯ ತಿರುಳು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ತಖ್ತೆಗೆ ಒಂದು ಹೊಸ ರಕಾನೆ ಬಂದಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಅದು ಹೇಗೆ ಉರಿಯಿತೆಂದರೆ, ಹಾಫ್‌ಕಿನ್ ಎಂಬ ವಿಜ್ಞಾನಿ ಹಿಂದಿನ ವರ್ಷದ ಜನವರಿಯಲ್ಲಷ್ಟೇ ತನ್ನ ಮೈಮೇಲೆ ಪ್ರಯೋಗಿಸಿಕೊಂಡಿದ್ದ ಹೊಸ ಚುಚ್ಚುಮದ್ದನ್ನು ಅಲ್ಲಿ ಸಾವಿರ ಸಾವಿರ ಜನಕ್ಕೆ ಹಾಕಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ನಿಲ್ದಾಣಗಳನ್ನು ಹಾದೇ ಹರಿಹರಕ್ಕೆ ಇಳಿಯುತ್ತದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಸಂಗತಿಯನ್ನು ನಮ್ಮ ಮನೆಗಳ ಹಿರಿಯರು ತಮ್ಮ ಹಿರಿಯರಿಂದ ಕೇಳಿ ಹೇಳುತ್ತಿದ್ದರು.

ಹೊಸ ರಕಾನೆ ಬಂದರೆ ಸತ್ಯ ಹೊರಬೀಳುವುದೆಂದು ತಿಳಿಯಬಾರದು. ಪ್ಲೇಗೆಂದು ಬರೆಯಿಸಿದರೆ ರೋಗಿಯನ್ನು ಬೇರೆ ಒಯ್ಯುವರು, ಮನೆಯ ಹೆಂಚು ತೆಗೆಯುವರು, ಅರಿವೆ ಸುಡುವರು. ಆದುದರಿಂದ ಜನರು ಬೇನೆಯನ್ನು ಬಚ್ಚಿಟ್ಟರು. ಬರೆಯುವ ಕಾಲಕ್ಕೆ ಎಷ್ಟೋ ಗಂಟು ಎದ್ದ ಪ್ಲೇಗು ಮತ್ತೆ ಜ್ವರದ ರಕಾನೆಗೇ ಹೋಯಿತು. ಲಂಡನ್ನಿನಲ್ಲಿಯೂ ಹೀಗೆಯೇ ನಡೆದಿತ್ತು. ಅಲ್ಲಿ 17ನೆಯ ಶತಮಾನದಲ್ಲಿ ಸತ್ತವರ ಮನೆಗೆ ಹೋಗಿ ಕಾರಣವನ್ನು ಹೇಳುವ ಕೆಲಸಕ್ಕೆ ಬಡ ಮುದುಕಿಯರನ್ನು ನೇಮಿಸಿದ್ದರು. ಒಂದು ಬಟ್ಟಲು ಮದ್ಯ, ಒಂದಿಷ್ಟು ಪುಡಿಕಾಸು ಸಿಕ್ಕರೆ ಮೇಹರೋಗದ ಸಾವನ್ನು ಅವರು ಬೇರೆ ಮರ್ಯಾದೆಯ ಹೆಸರಿನಿಂದ ಬರೆಯಿಸುತ್ತಿದ್ದರೆಂದು ಜಾನ್ ಗ್ರಾಂಟ್ ಎಂಬ ಬಟ್ಟೆ ಸಾಮಾನಿನ ವ್ಯಾಪಾರಿಯು 1662ರಲ್ಲಿ ತನ್ನ ಪುಸ್ತಕದಲ್ಲಿ ಬರೆದಿಟ್ಟನು. ಸಾವಿನ ಪಟ್ಟಿಗಳನ್ನು ಕೂಡಿಸಿ ಕಳೆದು ಅದರಿಂದ ಅರಿವು ಪಡೆಯಬಹುದೆಂದು ಮೊದಲು ತೋರಿದವನೂ ಈತನೇ.

ಪ್ಲೇಗಿನ ಬಳಿಕ 1918. ಆ ವರ್ಷದ ಇನ್‌ಫ್ಲುಯೆಂಜಾಕ್ಕೆ ತಖ್ತೆಯಲ್ಲಿ ರಕಾನೆಯೇ ಇರಲಿಲ್ಲ. ಸತ್ತವರು ಬಹುಮಟ್ಟಿಗೆ ಜ್ವರದಲ್ಲಿ ಹೋದರು, ಕೆಲವರು ಶ್ವಾಸಕೋಶದ ಬೇನೆಗಳಲ್ಲಿ ಹೋದರು. ಎಷ್ಟು ಜನ? ಹಿಂದುಸ್ತಾನ ಸರಕಾರದ ಆರೋಗ್ಯ ಅಧಿಕಾರಿ ನಾರ್ಮನ್ ವೈಟ್ 1919ರಲ್ಲಿ ಮಾಡಿದ ಅಂದಾಜು ಸುಮಾರು 60 ಲಕ್ಷ. 1921ರ ಖಾನೇಸುಮಾರಿಯು ಮುಗಿದ ಮೇಲೆ ಅದರ ಮುಖ್ಯಾಧಿಕಾರಿ ಮಾರ್ಟೆನ್, ಸಾವುಗಳು 120 ಲಕ್ಷಕ್ಕೆ ಕಡಮೆಯಿಲ್ಲವೆಂದನು. 1951ರಲ್ಲಿ ಕಿಂಗ್ಸ್‌ಲಿ ಡೇವಿಸ್ ಎಂಬ ಪಂಡಿತನು ಅದನ್ನು ಸುಮಾರು 200 ಲಕ್ಷಕ್ಕೆ ಏರಿಸಿದನು. ಇತ್ತೀಚಿನ ಲೆಕ್ಕಗಳು ಇವುಗಳ ನಡುವೆ ನಿಲ್ಲುತ್ತವೆ. 60 ಲಕ್ಷವೆಲ್ಲಿ, 200 ಲಕ್ಷವೆಲ್ಲಿ! ಒಂದು ಕೋಟಿಗೂ ಮಿಕ್ಕ ಜನರು ಸತ್ತರೋ ಇಲ್ಲವೋ ಎಂಬುದೇ ಚರ್ಚೆಗೆ ಬೀಳುವಂತೆ ಅವರು ರಕಾನೆಗಳ ಸಂದಿಯಲ್ಲಿ ಜಾರಿಹೋದರು. ಇದಕ್ಕಿಂತ ದೊಡ್ಡ ದಾಖಲೆಯ ತಪ್ಪು ನಮ್ಮ ನಾಡಿನ ಇತಿಹಾಸದಲ್ಲಿ ನನಗೆ ತಿಳಿದಂತೆ ಇನ್ನೊಂದಿಲ್ಲ.

ಇನ್ನು ಯುರೋಪಿನ ಕಡೆಗೆ ನೋಡೋಣ. ಪಟ್ಟಿಯ ಬೇರು ಅಲ್ಲಿದೆ. ಇಂಗ್ಲೆಂಡಿನಲ್ಲಿ 1837ರಿಂದ ಜನನಮರಣಗಳ ನೋಂದಣಿ ನಡೆಯತೊಡಗಿದಾಗ ಆ ಕಚೇರಿಯ ಅಂಕಿಗಳನ್ನು ಜೋಡಿಸಲು ವಿಲಿಯಂ ಫಾರ್ ಎಂಬ ವೈದ್ಯನು ಬಂದನು. ಅವನಿಗೆ ಮೊದಲು ಎದುರಾದ ಕಷ್ಟ ಭಾಷೆಯದು. ಒಂದು ರೋಗಕ್ಕೆ ಮೂರು ನಾಲ್ಕು ಹೆಸರು. ಒಂದು ಹೆಸರಿಗೆ ಮೂರು ನಾಲ್ಕು ರೋಗ. ತೂಕ ಅಳತೆಗಳು ಊರಿಗೊಂದಾದರೆ ವ್ಯಾಪಾರ ನಡೆಯದಲ್ಲ, ಹಾಗೆಯೇ ಹೆಸರುಗಳು ನಿಲ್ಲದೆ ಎಣಿಕೆ ನಡೆಯದೆಂದು ಅವನು ವಾದಿಸಿದನು. ಈ ಕಷ್ಟ ನಮ್ಮ ಕೋಶಕಾರರಿಗೆ ಹೊಸತಲ್ಲ. ಅಮರಸಿಂಹನು ಮನುಷ್ಯವರ್ಗದಲ್ಲಿ ಕ್ಷಯ, ಶೋಷ, ಯಕ್ಷ್ಮಾ ಈ ಮೂರನ್ನೂ ಒಂದೇ ಬೇನೆಯ ಹೆಸರೆಂದು ಒಟ್ಟಿಗೆ ಇರಿಸಿದ್ದಾನೆ. ಫಾರನು ಅಮರಕೋಶವನ್ನು ಕಂಡಿದ್ದರೆ ಸಂತೋಷಪಡುತ್ತಿದ್ದನೆಂದು ನನ್ನ ನಂಬಿಕೆ, ಅದಂತಿರಲಿ.

1853ರಲ್ಲಿ ಬ್ರಸೆಲ್ಸ್ ನಗರದಲ್ಲಿ ಅಂಕಿಸಂಖ್ಯಾ ತಜ್ಞರ ಮೊದಲ ಅಂತಾರಾಷ್ಟ್ರೀಯ ಸಭೆ ಕೂಡಿತು. ಎಲ್ಲ ದೇಶಗಳಿಗೂ ಸಲ್ಲುವ ಒಂದೇ ಪಟ್ಟಿ ಬೇಕೆಂದು ಅಲ್ಲಿ ಠರಾವು ತಂದವನು ಫ್ರಾನ್ಸಿನ ಅಶಿಲ್ ಗಿಯಾರ್. ಕೆಲಸವನ್ನು ಫಾರ್ ಮತ್ತು ಜಿನೀವಾದ ದೆಸ್ಪೀನ್ ಇಬ್ಬರಿಗೆ ವಹಿಸಿದರು. 1855ರಲ್ಲಿ ಇಬ್ಬರೂ ಎರಡು ಪಟ್ಟಿ ತಂದರು! ಒಬ್ಬನದು ದೇಹದ ಯಾವ ಭಾಗದಲ್ಲಿ ಬೇನೆಯಿದೆಯೆಂಬುದನ್ನು ಮುಖ್ಯವಾಗಿ ಹಿಡಿಯಿತು, ಮತ್ತೊಬ್ಬನದು ಬೇನೆಯ ಗುಣವನ್ನು ಹಿಡಿಯಿತು. ಸಭೆಯು ಇಬ್ಬರನ್ನೂ ನೋಯಿಸದೆ 139 ಶೀರ್ಷಿಕೆಗಳ ಒಂದು ರಾಜಿಪಟ್ಟಿಯನ್ನು ಮಾಡಿತು. ಯಾರೂ ಅದನ್ನು ಮನಸಾರೆ ಒಪ್ಪಲಿಲ್ಲ. ಕೊನೆಗೆ ಅಜ್ಜನ ಠರಾವನ್ನು ಮೊಮ್ಮಗನು ನೆರವೇರಿಸಿದನು. ಗಿಯಾರನ ಮಗಳ ಮಗ ಜಾಕ್ ಬೆರ್ತಿಯೋ ಎಂಬವನು 1893ರಲ್ಲಿ ಶಿಕಾಗೊ ನಗರದಲ್ಲಿ ಮುಂದಿಟ್ಟ ಪಟ್ಟಿಯು ನಿಂತಿತು. ಸ್ವಾಮಿ ವಿವೇಕಾನಂದರು ಮಾತನಾಡಿದ ಶಿಕಾಗೊ, ಅದೇ ವರ್ಷ. ಬೆರ್ತಿಯೋನ ತಮ್ಮನೇ ಅಪರಾಧಿಗಳ ಮೈಯಳತೆ ತೆಗೆದು ಗುರುತು ಹಿಡಿಯುವ ಪದ್ಧತಿಯನ್ನು ಪೊಲೀಸರಿಗೆ ಕಲಿಸಿದವನು. ಆ ಮನೆತನಕ್ಕೆ ಎಲ್ಲವನ್ನೂ ವಿಂಗಡಿಸಿ ಗುರುತು ಹಾಕುವ ಹಟವಿದ್ದಂತೆ ತೋರುತ್ತದೆ.

ಬದಲಾವಣೆಯ ನಿಯಮವೂ ಆಗಲೇ ಹುಟ್ಟಿತು. ವಿದ್ಯೆ ಬೆಳೆದಂತೆ ಪಟ್ಟಿ ಹಳತಾಗುವುದು ಸಹಜವಾದುದರಿಂದ ಹತ್ತು ವರ್ಷಕ್ಕೊಮ್ಮೆ ಅದನ್ನು ತಿದ್ದಬೇಕೆಂದು 1898ರಲ್ಲಿ ಅಮೆರಿಕದ ಆರೋಗ್ಯಸಂಘವು ಸಲಹೆಯಿತ್ತಿತು. 1900ರಲ್ಲಿ ಪ್ಯಾರಿಸಿನಲ್ಲಿ 26 ದೇಶಗಳವರು ಕೂಡಿ ಮೊದಲ ಪರಿಷ್ಕರಣ ಮಾಡಿದರು. 1909, 1920, 1929, 1938ರಲ್ಲಿ ಮತ್ತೆ ಮತ್ತೆ ತಿದ್ದಿದರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೆಲಸವನ್ನು ವಹಿಸಿಕೊಂಡಿತು. ಆರನೆಯ ಪರಿಷ್ಕರಣವೆಂದು ಕರೆಯುವ ಈ ಪಟ್ಟಿಯಲ್ಲಿ ಸಾವಿನ ಕಾರಣಗಳಷ್ಟೇ ಅಲ್ಲದೆ ಸಾವು ತಾರದ ಬೇನೆಗಳೂ ಬಂದವು. ಅಲ್ಲಿಂದ ಅಂಕೆಯು ಬದುಕಿದವರ ಬೆನ್ನನ್ನೂ ಹತ್ತಿತು.

ಪಟ್ಟಿಯಲ್ಲಿಲ್ಲದ ಬೇನೆಯು ಹೇಗೆ ಒಳಗೆ ಬರುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಹಿರೇಕೆರೂರು, ಹಾನಗಲ್ಲುಗಳ ಗಡಿ ದಾಟಿದರೆ ಸೊರಬ ತಾಲೂಕು. 1957ರ ಮಾರ್ಚಿನ ಸುಮಾರಿಗೆ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು; ಕಾಡಿಗೆ ಸೌದೆ ಸೊಪ್ಪಿಗೆಂದು ಹೋದವರಿಗೆ ಬಲವಾದ ಜ್ವರ ಬಂದಿತು. ಮಂಗ ಸಾಯುವುದನ್ನು ಕಂಡು, ಆಫ್ರಿಕ ಅಮೆರಿಕಗಳ ಹಳದಿ ಜ್ವರವು ನಮ್ಮ ದೇಶಕ್ಕೂ ಬಂದಿತೇ ಎಂದು ತಜ್ಞರು ಗಾಬರಿಯಾದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿ, ಅದು ಉಣ್ಣೆಯಿಂದ ಹರಡುವ ಬೇರೆಯೇ ಒಂದು ವೈರಸ್ ಎಂದು ಕಂಡುಹಿಡಿದರು. ಜನರು ಅದನ್ನು ಮಂಗನ ಕಾಯಿಲೆಯೆಂದರು. ವಿದ್ವಾಂಸರು ಕ್ಯಾಸನೂರು ಕಾಡಿನ ಕಾಯಿಲೆಯೆಂದರು. 1975ರ ಒಂಬತ್ತನೆಯ ಪರಿಷ್ಕರಣದಲ್ಲಿ ಅದಕ್ಕೆ 065.2 ಎಂಬ ಅಂಕೆ. ಹತ್ತನೆಯದರಲ್ಲಿ ಎ 98.2. ಜಗತ್ತಿನ ಯಾವ ಮೂಲೆಯ ವೈದ್ಯನು ಆ ಪುಸ್ತಕವನ್ನು ತೆರೆದರೂ ನಮ್ಮ ಸೊರಬದ ಕಾಡಿನ ಹೆಸರು ಅಲ್ಲಿ ಅಚ್ಚಾಗಿದೆ. ಅಂಕೆ ಸಿಕ್ಕುವ ಮೊದಲು ಈ ಬೇನೆಯಿಂದ ಯಾರಾದರೂ ಸತ್ತಿದ್ದರೆ ಅವರು ಬಹುಶಃ ಜ್ವರದ ರಕಾನೆಗೇ ಹೋಗಿರಬೇಕು. ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ಸಿಡುಬು ಭಾರತದಲ್ಲಿ 1975ರಲ್ಲಿ ಕೊನೆಯಾಗಿ, 1980ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು; ಆದರೂ ಹತ್ತನೆಯ ಪರಿಷ್ಕರಣದಲ್ಲಿ ಬಿ 03 ಎಂಬ ಅಂಕೆ ಅದಕ್ಕಾಗಿ ಖಾಲಿ ಮನೆಯಂತೆ ಕಾದಿದೆ.

ಸ್ವಾತಂತ್ರ್ಯಾನಂತರ ನಮ್ಮಲ್ಲಿ ಜನನ ಮರಣ ನೋಂದಣಿ ಕಾಯಿದೆಯು 1969ರಲ್ಲಿ ಬಂದು ಮರುವರ್ಷ ಜಾರಿಯಾಯಿತು. ವೈದ್ಯರು ತುಂಬಬೇಕಾದ ನಮೂನೆಗಳು ಎರಡು: ಆಸ್ಪತ್ರೆಯಲ್ಲಿ ಸತ್ತವರಿಗೆ ನಾಲ್ಕನೆಯ ನಮೂನೆ, ಹೊರಗೆ ಸತ್ತವರಿಗೆ ನಾಲ್ಕು-ಎ. ಈ ನಮೂನೆಯ ಕಟ್ಟನ್ನು ನೋಡಿದಾಗ ನನಗೆ ನ್ಯಾಯಶಾಸ್ತ್ರದ ಕಾರ್ಯಕಾರಣ ಪರಂಪರೆಯ ನೆನಪಾಯಿತು. ಮೊದಲ ಸಾಲಿನಲ್ಲಿ ಸಾವನ್ನು ತಂದ ತೀರ ಸಮೀಪದ ಸ್ಥಿತಿ. ಅದರ ಕೆಳಗೆ ಅದಕ್ಕೆ ಕಾರಣವಾದುದು. ಅದರ ಕೆಳಗೆ ಅದಕ್ಕೂ ಕಾರಣವಾದುದು. ಕೆಳಗಿನ ಸಾಲಿಗೆ ಇಳಿದು ನಿಂತಾಗ ಮೂಲಕಾರಣ ಸಿಕ್ಕಬೇಕು. ಎಣಿಕೆಗೆ ಬರುವುದು ಆ ಮೂಲಕಾರಣ ಮಾತ್ರ; ಯಾಕೆಂದರೆ ತಡೆಯಬಹುದಾದದ್ದು ಅದು.

ಈಗ ನನ್ನ ವಿದ್ಯಾರ್ಥಿಯ ಕಾಗದಕ್ಕೆ ಬನ್ನಿ. ನಾಗರಹಾವಿನ ವಿಷವೇರಿದರೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಉಸಿರು ನಿಂತರೆ ಹೃದಯ ನಿಲ್ಲುತ್ತದೆ. ಮೂರು ಸಾಲು ತುಂಬಿದ್ದರೆ ಮೂರನೆಯದರಲ್ಲಿ ಹಾವು ಇರುತ್ತಿತ್ತು. ಬರೆದವರು ಮೊದಲ ಸಾಲಿಗೇ ಲೇಖನಿ ಇರಿಸಿಬಿಟ್ಟರು. ಹೃದಯ ನಿಂತಿತೆಂಬುದು ಸುಳ್ಳಲ್ಲ. ಆದರೆ ಯಾರ ಹೃದಯ ನಿಲ್ಲದೆ ಅವರು ಸತ್ತಿದ್ದಾರೆ? ಅದು ಸಾವಿನ ಕಾರಣವಲ್ಲ, ಸಾವಿನ ಇನ್ನೊಂದು ಹೆಸರು. ಹೀಗೆ ಏನನ್ನೂ ಹೇಳದ ಉತ್ತರಗಳಿಗೆ ಸಲ್ಲುವ ಅಂಕೆಗಳನ್ನು ತಜ್ಞರು ಕಸದ ಅಂಕೆಗಳೆಂದೇ ಕರೆಯುತ್ತಾರೆ. ಹಳೆಯ ಕುಲಕರ್ಣಿಯ ಜ್ವರವು ಹೋಗಿ ಅದರ ಜಾಗದಲ್ಲಿ ಇಂಗ್ಲಿಷಿನ ಹೃದಯಸ್ತಂಭನ ಬಂದಿತು, ಅಷ್ಟೆ ವ್ಯತ್ಯಾಸ. ಅದೂ ವೈದ್ಯರು ಬರೆದ ಸಾವುಗಳ ಮಾತು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಮರಣಗಳಲ್ಲಿ ವೈದ್ಯರು ಕಾರಣ ಬರೆದುದು ನೂರಕ್ಕೆ 22.5ಕ್ಕೆ ಮಾತ್ರ. ಉಳಿದವರು ಹೇಗೆ ಸತ್ತರೆಂದು ತಿಳಿಯಲು, ತರಬೇತಿ ಪಡೆದವರು ಮನೆಗೆ ಹೋಗಿ ಸಂಬಂಧಿಕರನ್ನು ಕ್ರಮವಾಗಿ ಪ್ರಶ್ನಿಸಿ ಬರೆದುಕೊಂಡು, ಆಮೇಲೆ ವೈದ್ಯರು ಓದಿ ತೀರ್ಮಾನಿಸುವ ಪದ್ಧತಿಯುಂಟು. ಆ ಪದ್ಧತಿಯಿಂದ ನಡೆದ ದೊಡ್ಡ ಅಧ್ಯಯನವೊಂದು 2000ದಿಂದ 2019ರ ವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಹೇಳಿತು. ಸರಕಾರಿ ಆಸ್ಪತ್ರೆಗಳ ಲೆಕ್ಕವು ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ.

ಅಂಕೆಗಳ ವಾರ್ಷಿಕ ಬದಲಾವಣೆಯ ಸಂಗತಿಯನ್ನು ನನಗೆ ತಿಳಿಸಿದವಳು ರಾಣೇಬೆನ್ನೂರಿನ ಕಡೆಯ ಇನ್ನೊಬ್ಬ ಶಿಷ್ಯೆ. ಅವಳು ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ರೋಗಿಗಳಿಗೆ ಅಂಕೆ ಹಾಕುವ ಕೆಲಸ ಮಾಡುತ್ತಾಳೆ. ಅಲ್ಲಿ ವಿಮೆಯ ಹಣವು ಅಂಕೆಯನ್ನು ನೋಡಿಯೇ ಸಂದಾಯವಾಗುವುದರಿಂದ ಅಂಕೆ ತಪ್ಪಿದರೆ ಹಣ ತಪ್ಪಿತು. ಅಮೆರಿಕದವರು 2015ರ ಅಕ್ಟೋಬರ್ 1ರಂದು ಸುಮಾರು 14,000 ಅಂಕೆಗಳ ಹಳೆಯ ಪಟ್ಟಿಯನ್ನು ಬಿಟ್ಟು, ಸುಮಾರು 70,000 ಅಂಕೆಗಳ ಹೊಸದಕ್ಕೆ ದಾಟಿದರು. ಪ್ರತಿವರ್ಷ ಅದೇ ಅಕ್ಟೋಬರ್ 1ಕ್ಕೆ ತಿದ್ದುಪಡಿಗಳು ಜಾರಿಗೆ ಬರುತ್ತವೆ: 2023ರಲ್ಲಿ 395 ಹೊಸವು ಸೇರಿದವು, 2024ರಲ್ಲಿ 252 ಸೇರಿ 36 ಹೊರಬಿದ್ದವು. “ಊರಾಗ ನೀವು ಆಯುಧಪೂಜೆ ಮಾಡೂ ಹೊತ್ತಿಗೆ ನಾವು ಹೊಸಾ ಕೋಡ್ ಬಾಯಿಪಾಠ ಮಾಡ್ತಿರ್ತೇವ್ರಿ ಸರ್” ಎಂದು ಅವಳು ನಗುತ್ತಾಳೆ. ಹಳೆಯ ಅಂಕೆಯನ್ನು ಒಂದು ದಿನ ತಡವಾಗಿ ಹಾಕಿದರೂ ಬಿಲ್ಲು ತಿರುಗಿ ಬರುವುದಂತೆ. ಆ ಪಟ್ಟಿಯಲ್ಲಿ ಹಸು ಹಾಯ್ದರೆ ಒಂದು ಅಂಕೆ, ಬಾತುಕೋಳಿ ಬಡಿದರೆ ಇನ್ನೊಂದು ಎಂದು ಕೇಳಿ ನಾನೂ ನಕ್ಕೆನು. ಆಮೇಲೆ ದೀಪಾವಳಿಯ ಹೊತ್ತಿಗೆ ನಮ್ಮ ಹಾವೇರಿ ಸೀಮೆಯ ಹೋರಿ ಬೆದರಿಸುವ ಹಬ್ಬದಲ್ಲಿ ಹಾಯಿಸಿಕೊಂಡು ಬೀಳುವ ಹುಡುಗರನ್ನು ನೆನೆದಾಗ ಆ ಅಂಕೆ ಅಷ್ಟೊಂದು ಹಾಸ್ಯಾಸ್ಪದವಾಗಿ ತೋರಲಿಲ್ಲ.

ವಿಶ್ವಸಂಸ್ಥೆಯ ಮೂಲ ಪಟ್ಟಿಯಲ್ಲಿಯೂ ಹತ್ತು ವರ್ಷ ಕಾಯುವ ಪದ್ಧತಿ ಹೋಯಿತು. 1990ರಲ್ಲಿ ಒಪ್ಪಿಗೆ ಪಡೆದ ಹತ್ತನೆಯ ಪರಿಷ್ಕರಣಕ್ಕೆ 1996ರಿಂದ ನಡುನಡುವೆ ತಿದ್ದುಪಡಿಗಳು ಬರತೊಡಗಿದವು. 2020ರಲ್ಲಿ ಕೋವಿಡ್ ಬಂದಾಗ ತುರ್ತಾಗಿ ಯು 07.1, ಯು 07.2 ಎಂಬ ಅಂಕೆಗಳನ್ನು ತೆರೆದರು: ಪರೀಕ್ಷೆಯಲ್ಲಿ ವೈರಸ್ ಕಂಡವರಿಗೆ ಮೊದಲನೆಯದು, ಕಾಣದಿದ್ದರೂ ಲಕ್ಷಣಗಳಿಂದ ಅದೇ ಎಂದು ತಿಳಿದವರಿಗೆ ಎರಡನೆಯದು. ಇವನ್ನು ನಮ್ಮ ವೈದ್ಯರು ಹೇಗೆ ಬಳಸಬೇಕೆಂಬ ಮಾರ್ಗದರ್ಶನವು ಹೊರಟುದು ಬೆಂಗಳೂರಿನಲ್ಲಿರುವ ರಾಷ್ಟ್ರೀಯ ರೋಗಮಾಹಿತಿ ಮತ್ತು ಸಂಶೋಧನ ಕೇಂದ್ರದಿಂದ. 1918ರಲ್ಲಿ ಇಂಥ ಎರಡು ರಕಾನೆಗಳಿದ್ದಿದ್ದರೆ! ಆದರೆ 2020ರಲ್ಲಿ ರಕಾನೆಯಿದ್ದೂ ಎಷ್ಟು ಸಾವು ಅದರೊಳಗೆ ಬಂದವು, ಎಷ್ಟು ಹೊರಗುಳಿದವೆಂಬ ವಾದ ಇನ್ನೂ ಮುಗಿದಿಲ್ಲ.

2022ರ ಜನವರಿ 1ರಿಂದ ಹನ್ನೊಂದನೆಯ ಪರಿಷ್ಕರಣ ಜಾರಿಗೆ ಬಂದಿದೆ. ಅದರಲ್ಲಿ ಪಾರ್ಶ್ವವಾಯುವನ್ನು ರಕ್ತಪರಿಚಲನೆಯ ಬೇನೆಗಳ ಮನೆಯಿಂದ ತೆಗೆದು ನರಮಂಡಲದ ಮನೆಗೆ ಒಯ್ದಿದ್ದಾರೆ. ಒಂದೇ ದಿನದಲ್ಲಿ ಒಂದು ದೇಶದ ಹೃದಯ-ರಕ್ತನಾಳದ ಸಾವುಗಳು ಕಾಗದದ ಮೇಲೆ ಇಳಿಯುತ್ತವೆ, ನರದ ಬೇನೆಗಳು ಏರುತ್ತವೆ. ಸತ್ತವರು ಮಾತ್ರ ಅವರೇ. ಹಳೆಯ ಹೊಸ ಅಂಕಿಗಳನ್ನು ಹೋಲಿಸುವವರು ಇದನ್ನು ಮರೆತರೆ ಮೋಸಹೋಗುತ್ತಾರೆ. ನಮ್ಮ ಆಯುರ್ವೇದವು ಪಕ್ಷಾಘಾತವನ್ನು ಮೊದಲಿನಿಂದಲೂ ವಾತವ್ಯಾಧಿಗಳಲ್ಲಿಯೇ ಎಣಿಸಿತ್ತು. ಆಯುರ್ವೇದ, ಸಿದ್ಧ, ಯುನಾನಿಗಳ ರೋಗನಾಮಗಳಿಗೂ ಇದೇ ಪಟ್ಟಿಯಲ್ಲಿ ಒಂದು ಪ್ರತ್ಯೇಕ ವಿಭಾಗವನ್ನು 2024ರ ಜನವರಿಯಲ್ಲಿ ಹೊಸದಿಲ್ಲಿಯಲ್ಲಿ ಬಿಡುಗಡೆ ಮಾಡಿದರು. ಹೆಸರುಗಳು ಒಳಬಂದುದು ನನ್ನಂಥವನಿಗೆ ಸಂತೋಷವೇ ಸರಿ. ಆದರೆ ಒಂದೇ ಜ್ವರವನ್ನು ಎರಡು ಶಾಸ್ತ್ರಗಳ ಹೆಸರಿನಿಂದ ಎರಡು ಕಡೆ ಎಣಿಸುವ ಅಪಾಯವನ್ನು ಲೆಕ್ಕಿಗರು ನೋಡಿಕೊಳ್ಳಬೇಕು.

ವಿಷದ ಮಾತಿಗೆ ಮರಳುತ್ತೇನೆ; ಹಳ್ಳಿಗಳಿಗೆ ಮುಖ್ಯವಾದುದು ಅದು. 14ನೆಯ ಶತಮಾನದ ನಮ್ಮ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವನ್ನು ಸ್ಥಾವರ, ಜಂಗಮವೆಂದು ಒಡೆದು ವಿವರಿಸಿದನು. ಇಂದಿನ ಪಟ್ಟಿಯೂ ಬೇರೆಯಾಗಿ ಒಡೆಯುತ್ತದೆ: ಟಿ 60 ಕೀಟನಾಶಕಗಳ ವಿಷ, ಟಿ 63 ಪ್ರಾಣಿಗಳ ವಿಷ, ಅದರಲ್ಲಿ 63.0 ಹಾವಿನದು. ಮಂಗರಾಜನು ಕೇಳದ ಒಂದು ಪ್ರಶ್ನೆಯನ್ನು ಮಾತ್ರ ಇದು ಕೇಳುತ್ತದೆ: ಹೇಗೆ ತಗಲಿತು? ಅದಕ್ಕೆ ಎರಡನೆಯ ಅಂಕೆ. ಎಣ್ಣೆ ಹೊಡೆಯುವಾಗ ಔಷಧ ಮೈಗೇರಿ ಸತ್ತರೆ ಎಕ್ಸ್ 48; ತಾನಾಗಿ ಕುಡಿದು ಸತ್ತರೆ ಎಕ್ಸ್ 68; ತಿಳಿಯದಾದರೆ ವೈ 18. ಮುಖ ಮುಚ್ಚಿಕೊಳ್ಳದೆ ಹತ್ತಿಗೋ ಮೆಣಸಿನ ಗಿಡಕ್ಕೋ ಔಷಧ ಹೊಡೆಯುವ ಆಳು, ಸಾಲದ ಭಾರಕ್ಕೆ ಅದೇ ಡಬ್ಬಿಯನ್ನು ಎತ್ತಿದ ರೈತ, ಇವರಿಬ್ಬರ ಮನೆಯವರಿಗೆ ಸಿಕ್ಕುವ ಅಥವಾ ಸಿಕ್ಕದೆ ಹೋಗುವ ಪರಿಹಾರವು ಬೇರೆ ಬೇರೆ ಬಾಗಿಲುಗಳದು. ಎಷ್ಟೋ ಮನೆಯವರು ಮಾನಕ್ಕಂಜಿ ಎರಡನ್ನೂ ಹೊಟ್ಟೆನೋವೆಂದು ಬರೆಯಿಸುವುದೂ ಉಂಟು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವವರೂ ತೊಟ್ಟು ಮುರಿಯುವ ಹೆಂಗಸರೂ ಕೆಮ್ಮುವುದನ್ನು ನೀವು ಕೇಳಿರಬಹುದು. ಹತ್ತಿಯ ಧೂಳಿನ ಶ್ವಾಸರೋಗಕ್ಕೆ ಜೆ 66.0 ಎಂಬ ಸ್ವಂತ ಅಂಕೆಯಿದೆ; ಮೆಣಸಿನ ಧೂಳಿಗೆ ಸ್ವಂತದ್ದಿಲ್ಲ, ‘ಇತರ ಸಾವಯವ ಧೂಳುಗಳು’ ಎಂಬ 66.8ರಲ್ಲಿ ಅದು ಹೊಂದಿಕೊಳ್ಳಬೇಕು. ಹಳೆಯ ತಖ್ತೆಯ ಕೊನೆಯ ರಕಾನೆ ನೆನಪಾಗುತ್ತದೆಯಲ್ಲವೆ?

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಸರಕಾರಿಯಾಗಲಿ ಖಾಸಗಿಯಾಗಲಿ ಆಸ್ಪತ್ರೆಯು ಅದನ್ನು ತಿಳಿಸಲೇಬೇಕು. ಅದರ ಹಿಂದಿನ ವರ್ಷ ಮಾಡಿದ ಕೇಂದ್ರ ಕಾಯಿದೆಯ ತಿದ್ದುಪಡಿಯಂತೆ, ಆಸ್ಪತ್ರೆಯು ಮರಣದ ಕಾರಣದ ಪತ್ರದ ಒಂದು ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡತಕ್ಕದ್ದು. ಪಂಚಾಯತಿಯಿಂದ ಪಡೆಯುವ ಮರಣಪತ್ರದಲ್ಲಿ ಕಾರಣ ಇರುವುದಿಲ್ಲ, ಕಾಯಿದೆಯ 17ನೆಯ ಕಲಮು ಅದನ್ನು ಹೊರಗೆಡಹಗೊಡುವುದಿಲ್ಲ. ಆದುದರಿಂದ ವೈದ್ಯರ ಪ್ರತಿಯನ್ನು ಕೇಳಿ ಪಡೆದು, ಮನೆಗೆ ಹೋಗುವ ಮೊದಲೇ ಕೆಳಗಿನ ಸಾಲಿನಲ್ಲಿ ಏನಿದೆಯೆಂದು ಓದಿಸಿ ನೋಡಿಕೊಳ್ಳಿರಿ. ದುಃಖದ ಹೊತ್ತಿನಲ್ಲಿ ಇದು ಕಠಿಣವೆಂಬುದನ್ನು ಬಲ್ಲೆನು.

ನನ್ನ ವಿದ್ಯಾರ್ಥಿಯೂ ನಾನೂ ಆಮೇಲೆ ಆ ಆಸ್ಪತ್ರೆಗೆ ಮೂರು ಸಲ ಹೋದೆವು. ಅಂದು ಬರೆದ ವೈದ್ಯರು ಬೇರೆ ಊರಿಗೆ ಹೋಗಿದ್ದರು. ಕೇಸಿನ ಪುಸ್ತಕವನ್ನು ಹುಡುಕಿಸಿದಾಗ ಎಡಗಾಲಿನ ಗಿಣ್ಣಿನ ಮೇಲೆ ಎರಡು ಹಲ್ಲಿನ ಗುರುತು, ಹಾವಿನ ವಿಷಕ್ಕೆ ಕೊಟ್ಟ ಔಷಧದ ಬಾಟಲಿಗಳ ಲೆಕ್ಕ, ಗಂಟೆ ನಿಮಿಷ ಸಹಿತ ಸಿಕ್ಕಿತು. ಹೊಸ ವೈದ್ಯರು ಅದನ್ನು ಓದಿ, ಏನೂ ಮಾತನಾಡದೆ, ಮೂರು ಸಾಲು ತುಂಬಿ ಸಹಿ ಮಾಡಿದರು. ಮೂರನೆಯ ಸಾಲಿನಲ್ಲಿ ಸರ್ಪದಂಶವೆಂದಿದೆ. ಆ ಕಾಗದವನ್ನು ವಿಮೆಯವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದ್ದೇವೆ. ಮುಟ್ಟಿದುದಕ್ಕೆ ರಸೀದಿ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.